ಸ್ಪರ್ಧಾ ನೀತಿಯ ಸುಧಾರಣೆಯಲ್ಲಿ ಗ್ರಾಹಕ ಹಿತ: ವರ್ತಕರು ಮತ್ತು ಸಣ್ಣ ಉತ್ಪಾದಕರು ತಿಳಿದಿರಬೇಕಾದ ಸಂಗತಿಗಳು

ಪೀಠಿಕೆ

ಸ್ಪರ್ಧಾ ಕಾಯಿದೆ ಎಂದೊಡನೆ ಅದು ದೆಹಲಿ, ಮುಂಬಯಿಗಳ ಬೃಹತ್ ಕಂಪನಿಗಳಿಗೆ ಸಂಬಂಧಿಸಿದ ವಿಷಯವೆಂದು ಬದಿಗೆ ಸರಿಸುವುದು ನಮ್ಮ ಭಾಗದ ವರ್ತಕ ಬಂಧುಗಳಲ್ಲಿ ಸಾಮಾನ್ಯವಾಗಿದೆ. ಸಾವಳಗಿಯ ಕಿರಾಣಿ ವ್ಯಾಪಾರಿಗೆ, ರಬಕವಿ-ಬನಹಟ್ಟಿಯ ವಿದ್ಯುತ್ ಮಗ್ಗದ ಮಾಲೀಕರಿಗೆ, ಮಹಾಲಿಂಗಪುರದ ಬೆಲ್ಲದ ಅಡತಿ ಅಂಗಡಿಗೆ ಈ ಕಾಯಿದೆಯಿಂದ ಆಗಬೇಕಾದುದೇನು ಎಂಬ ಪ್ರಶ್ನೆ ಸಹಜವೇ. ಆದರೆ ಈ ಕಾಯಿದೆಯಡಿ ಕರ್ನಾಟಕದಲ್ಲಿ ಹೆಚ್ಚು ಚರ್ಚೆಗೊಳಗಾದ ಪ್ರಕರಣಗಳಲ್ಲಿ ಎದುರುದಾರರಾಗಿ ನಿಂತವರು ಬೃಹತ್ ಕಂಪನಿಗಳಷ್ಟೇ ಅಲ್ಲ. ವಾಣಿಜ್ಯ ಮಂಡಳಿ ಮತ್ತು ವ್ಯಾಪಾರಿ ಸಂಘಗಳೂ ಹೌದು. ನಮ್ಮಂತೆಯೇ ಸದಸ್ಯತ್ವ, ಕಾರ್ಯಕಾರಿ ಸಮಿತಿ, ಠರಾವು ಪುಸ್ತಕಗಳನ್ನು ಇಟ್ಟುಕೊಂಡು ನಡೆಯುವ ಸಂಸ್ಥೆಗಳು ಅವು.

ಇನ್ನೊಂದು ಕಡೆ, ದೊಡ್ಡ ಕಂಪನಿಗಳ ಬೆಲೆ ನೀತಿಯಿಂದ, ಆನ್‌ಲೈನ್ ಮಾರಾಟದ ಭಾರೀ ರಿಯಾಯಿತಿಯಿಂದ ನೊಂದ ಸಣ್ಣ ವ್ಯಾಪಾರಿಗೆ ಆಶ್ರಯವಾಗಬೇಕಾದುದೂ ಇದೇ ಕಾಯಿದೆ. ಹೀಗೆ ಒಂದೇ ಶಾಸನವು ನಮಗೆ ಗುರಾಣಿಯೂ ಹೌದು, ಅಂಕುಶವೂ ಹೌದು. ಇದರ ಕೇಂದ್ರದಲ್ಲಿರುವ ಕಲ್ಪನೆ ‘ಗ್ರಾಹಕ ಹಿತ’. ಈ ಎರಡು ಪದಗಳ ಅರ್ಥವನ್ನು ಎಷ್ಟು ಹಿಗ್ಗಿಸಬೇಕು, ಎಷ್ಟು ಕುಗ್ಗಿಸಬೇಕು ಎಂಬುದೇ ಸ್ಪರ್ಧಾ ನೀತಿಯ ಸುಧಾರಣೆಯ ಚರ್ಚೆಯ ತಿರುಳು. ಪ್ರಸ್ತುತ ಲೇಖನದಲ್ಲಿ ಈ ಕಲ್ಪನೆಯನ್ನು ಉದಾಹರಣೆಗಳ ಮೂಲಕ ಪರಿಶೀಲಿಸಿ, ಸುಧಾರಣೆಯ ಸಂದರ್ಭದಲ್ಲಿ ವಾಣಿಜ್ಯ ಮಂಡಳಿಗಳು ಯಾವ ನಿಲುವನ್ನು ತಳೆಯುವುದು ಯುಕ್ತವೆಂಬುದನ್ನು ವಿವೇಚಿಸಲಾಗಿದೆ.

1. ಕಾಯಿದೆ ನಡೆದು ಬಂದ ದಾರಿ

ಸ್ವತಂತ್ರ ಭಾರತದಲ್ಲಿ ಈ ವಿಷಯದ ಮೊದಲ ಪ್ರಮುಖ ಶಾಸನ 1969ರ ಏಕಸ್ವಾಮ್ಯ ಮತ್ತು ನಿರ್ಬಂಧಕ ವ್ಯಾಪಾರ ಪದ್ಧತಿಗಳ ಕಾಯಿದೆ. ಇದು 1970ರ ಜೂನ್ 1ರಿಂದ ಜಾರಿಗೆ ಬಂದಿತು. ಆರ್ಥಿಕ ಶಕ್ತಿಯು ಕೆಲವೇ ಕೈಗಳಲ್ಲಿ ಶೇಖರವಾಗಬಾರದು ಎಂಬುದು ಅದರ ಮುಖ್ಯ ಕಾಳಜಿಯಾಗಿತ್ತು. ಆದ್ದರಿಂದ ಕಂಪನಿಯೊಂದು ಏನು ಮಾಡಿತು ಎನ್ನುವುದಕ್ಕಿಂತ ಅದು ಎಷ್ಟು ದೊಡ್ಡದು ಎಂಬುದಕ್ಕೇ ಹೆಚ್ಚು ಮಹತ್ವ ದೊರೆಯಿತು. 1984ರ ತಿದ್ದುಪಡಿಯಿಂದ ಸುಳ್ಳು ಜಾಹೀರಾತಿನಂತಹ ಅನುಚಿತ ವ್ಯಾಪಾರ ಪದ್ಧತಿಗಳೂ ಅದರ ವ್ಯಾಪ್ತಿಗೆ ಸೇರಿದವು. 1991ರ ಉದಾರೀಕರಣದ ನಂತರ ದೊಡ್ಡ ಕಂಪನಿಗಳು ವಿಸ್ತರಣೆಗೆ ಪೂರ್ವಾನುಮತಿ ಪಡೆಯಬೇಕೆಂಬ ನಿಯಮವನ್ನು ಕೈಬಿಡಲಾಯಿತು.

ಬದಲಾದ ಪರಿಸ್ಥಿತಿಗೆ ಹೊಸ ಕಾಯಿದೆ ಬೇಕೆಂದು 1999ರಲ್ಲಿ ಎಸ್.ವಿ.ಎಸ್. ರಾಘವನ್ ಅವರ ಅಧ್ಯಕ್ಷತೆಯಲ್ಲಿ ಉನ್ನತ ಮಟ್ಟದ ಸಮಿತಿ ನೇಮಕವಾಗಿ, 2000ದಲ್ಲಿ ತನ್ನ ವರದಿಯನ್ನು ನೀಡಿತು. ಅದರ ಆಧಾರದ ಮೇಲೆ ಸ್ಪರ್ಧಾ ಕಾಯಿದೆ, 2002 ರೂಪುಗೊಂಡಿತು. ನ್ಯಾಯಾಲಯದಲ್ಲಿ ಎದ್ದ ಪ್ರಶ್ನೆಗಳಿಂದಾಗಿ 2007ರಲ್ಲಿ ತಿದ್ದುಪಡಿಗೊಂಡು, ಸ್ಪರ್ಧಾವಿರೋಧಿ ಒಪ್ಪಂದ ಹಾಗೂ ಪ್ರಾಬಲ್ಯದ ದುರುಪಯೋಗಕ್ಕೆ ಸಂಬಂಧಿಸಿದ 3 ಮತ್ತು 4ನೆಯ ಕಲಮುಗಳು 2009ರ ಮೇ 20ರಂದು ಜಾರಿಯಾದವು. ವಿಲೀನ ಮತ್ತು ಸ್ವಾಧೀನಗಳ ಕಲಮುಗಳು 2011ರ ಜೂನ್ 1ರಿಂದ ಅನ್ವಯವಾದವು.

ಹಳೆಯ ಕಾಯಿದೆಗೂ ಹೊಸದಕ್ಕೂ ಇರುವ ಮೂಲಭೂತ ವ್ಯತ್ಯಾಸವಿಷ್ಟೆ: ಹೊಸ ಕಾಯಿದೆಯ ದೃಷ್ಟಿಯಲ್ಲಿ ದೊಡ್ಡದಾಗಿರುವುದು ಅಪರಾಧವಲ್ಲ, ದೊಡ್ಡತನವನ್ನು ದುರುಪಯೋಗಪಡಿಸಿಕೊಳ್ಳುವುದು ಅಪರಾಧ. ಹಾಗೆಯೇ ಸಣ್ಣದಾಗಿರುವುದು ವಿನಾಯಿತಿಯೂ ಅಲ್ಲ. ನಾಲ್ಕು ಜನ ಸಣ್ಣ ವ್ಯಾಪಾರಿಗಳು ಕೂಡಿ ದರ ಗೊತ್ತುಪಡಿಸಿದರೂ ಅದು 3ನೆಯ ಕಲಮಿನ ವ್ಯಾಪ್ತಿಗೆ ಬರುತ್ತದೆ.

2. ಕಾಯಿದೆಯ ದೃಷ್ಟಿಯಲ್ಲಿ ಗ್ರಾಹಕ ಯಾರು?

ನಮ್ಮ ಓದುಗರು ವಿಶೇಷವಾಗಿ ಗಮನಿಸಬೇಕಾದ ಅಂಶವಿದು. ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ (1986ರದ್ದಾಗಲಿ, ಅದರ ಸ್ಥಾನದಲ್ಲಿ 2020ರಲ್ಲಿ ಜಾರಿಗೆ ಬಂದ 2019ರದ್ದಾಗಲಿ) ಮರುಮಾರಾಟಕ್ಕಾಗಿ ಸರಕು ಕೊಳ್ಳುವವನು ಗ್ರಾಹಕನಲ್ಲ. ವಾಣಿಜ್ಯ ಉದ್ದೇಶಕ್ಕೆ ಕೊಳ್ಳುವವನೂ, ಸ್ವಂತ ದುಡಿಮೆಯ ಜೀವನೋಪಾಯದ ಸಂದರ್ಭವನ್ನು ಬಿಟ್ಟರೆ, ಗ್ರಾಹಕನಲ್ಲ. ಆದರೆ ಸ್ಪರ್ಧಾ ಕಾಯಿದೆಯ 2(ಎಫ್) ಕಲಮು ಗ್ರಾಹಕನ ವ್ಯಾಖ್ಯೆಯನ್ನು ಬಹಳ ವಿಶಾಲವಾಗಿ ಇಟ್ಟಿದೆ. ಹಣ ಕೊಟ್ಟು ಸರಕನ್ನು ಕೊಳ್ಳುವವನು ಅದನ್ನು ಮನೆಬಳಕೆಗೆ ಕೊಳ್ಳಲಿ, ಮರುಮಾರಾಟಕ್ಕೆ ಕೊಳ್ಳಲಿ, ವಾಣಿಜ್ಯ ಉದ್ದೇಶಕ್ಕೆ ಕೊಳ್ಳಲಿ, ಅವನು ಗ್ರಾಹಕನೇ.

ಅಂದರೆ ನೂಲು ಕೊಳ್ಳುವ ನೇಕಾರ ಗ್ರಾಹಕ. ಕಂಪನಿಯಿಂದ ಸಿಮೆಂಟ್ ತರಿಸುವ ಅಂಗಡಿಕಾರ ಗ್ರಾಹಕ. ಡಬ್ಬಗಟ್ಟಲೆ ಎಣ್ಣೆ ಕೊಳ್ಳುವ ಖಾನಾವಳಿಯ ಮಾಲೀಕ ಗ್ರಾಹಕ. ಬಿಡಿಭಾಗ ಕೊಳ್ಳುವ ಟ್ರ್ಯಾಕ್ಟರ್ ದುರಸ್ತಿಗಾರನೂ ಗ್ರಾಹಕ. ‘ಗ್ರಾಹಕ ಹಿತ’ ಎಂದರೆ ಅಂಗಡಿಯ ಕಟ್ಟೆಯ ಆಚೆಗೆ ನಿಂತವರ ಹಿತ ಮಾತ್ರವೆಂದು ಭಾವಿಸಿ ವರ್ತಕರು ಅದಕ್ಕೆ ಬೆನ್ನು ತಿರುಗಿಸಿದರೆ, ತಮ್ಮ ಖರೀದಿಯ ಬದಿಯಲ್ಲಿ ತಮಗೇ ದೊರೆಯಬೇಕಾದ ರಕ್ಷಣೆಗೆ ಬೆನ್ನು ತಿರುಗಿಸಿದಂತಾಗುತ್ತದೆ. ಪ್ರತಿಯೊಬ್ಬ ವ್ಯಾಪಾರಿಯೂ ಬೆಳಿಗ್ಗೆ ಕೊಳ್ಳುವಾಗ ಗ್ರಾಹಕ, ಸಂಜೆ ಮಾರುವಾಗ ವರ್ತಕ.

3. ಗ್ರಾಹಕ ಹಿತವನ್ನು ಅಳೆಯುವ ಬಗೆ

ಅರ್ಥಶಾಸ್ತ್ರದಲ್ಲಿ ಗ್ರಾಹಕ ಹಿತಕ್ಕೆ ಒಂದು ಸರಳ ಅಳತೆಯಿದೆ. ಒಂದು ವಸ್ತುವಿಗೆ ಕೊಳ್ಳುವವನು ಕೊಡಲು ಸಿದ್ಧನಿದ್ದ ಬೆಲೆಗೂ ವಾಸ್ತವವಾಗಿ ಕೊಟ್ಟ ಬೆಲೆಗೂ ಇರುವ ಅಂತರವೇ ಅವನ ಲಾಭ. ಇದನ್ನು ‘ಗ್ರಾಹಕನ ಮಿಗುತೆ’ ಎನ್ನಬಹುದು. ಒಂದು ಕಾಲ್ಪನಿಕ ಲೆಕ್ಕದಿಂದ ಇದನ್ನು ಸ್ಪಷ್ಟಪಡಿಸಿಕೊಳ್ಳೋಣ.

ಒಂದು ಪಟ್ಟಣದಲ್ಲಿ ಆರು ಸಿಮೆಂಟ್ ಅಂಗಡಿಗಳಿವೆಯೆಂದು ಭಾವಿಸೋಣ. ಚೀಲವೊಂದು ಅಂಗಡಿಗೆ ತಲುಪಿ ಬೀಳುವ ವೆಚ್ಚ 370 ರೂ.; ಪೈಪೋಟಿಯಿಂದಾಗಿ ಮಾರಾಟ ದರ 380 ರೂ. ತಿಂಗಳಿಗೆ ಎಲ್ಲ ಅಂಗಡಿಗಳೂ ಸೇರಿ 10,000 ಚೀಲ ಮಾರಾಟವಾಗುತ್ತದೆ. ಆಗ ವ್ಯಾಪಾರಿಗಳೆಲ್ಲರ ಒಟ್ಟು ಲಾಭ 1,00,000 ರೂ. ಈಗ ಆರೂ ಜನ ಕುಳಿತು 400 ರೂಪಾಯಿಗಿಂತ ಕಡಿಮೆಗೆ ಯಾರೂ ಮಾರತಕ್ಕದ್ದಲ್ಲವೆಂದು ಠರಾಯಿಸಿದರೆಂದು ಇಟ್ಟುಕೊಳ್ಳೋಣ. ದರ ಏರಿದ್ದರಿಂದ ಮಾರಾಟ 9,000 ಚೀಲಕ್ಕೆ ಇಳಿಯುತ್ತದೆ. ಆದರೂ ಚೀಲಕ್ಕೆ 30 ರೂ.ನಂತೆ ವ್ಯಾಪಾರಿಗಳ ಲಾಭ 2,70,000 ರೂ. ಆಗುತ್ತದೆ, ಅಂದರೆ ಮೊದಲಿಗಿಂತ 1,70,000 ರೂ. ಹೆಚ್ಚು.

ಕೊಳ್ಳುವವರ ಕಡೆಯ ಲೆಕ್ಕವನ್ನು ನೋಡೋಣ. 9,000 ಚೀಲಗಳಿಗೆ ತಲಾ 20 ರೂ. ಹೆಚ್ಚಿಗೆ ತೆತ್ತುದರಿಂದ 1,80,000 ರೂ. ನಷ್ಟ. ಇದರ ಜೊತೆಗೆ, ಕೊಳ್ಳದೆ ಹಿಂದೆ ಸರಿದ 1,000 ಚೀಲಗಳ ಗ್ರಾಹಕರಿಗೆ ಹಳೆಯ ದರದಲ್ಲಿ ದೊರೆಯುತ್ತಿದ್ದ ಮಿಗುತೆಯನ್ನು ಸರಾಸರಿ ಚೀಲಕ್ಕೆ 10 ರೂ. ಎಂದು ಹಿಡಿದರೆ ಮತ್ತೆ 10,000 ರೂ. ಒಟ್ಟು ನಷ್ಟ 1,90,000 ರೂ. ವ್ಯಾಪಾರಿಗಳಿಗೆ ಬಂದದ್ದು 1,70,000 ರೂ. ಉಳಿದ 20,000 ರೂ. ಯಾರ ಕೈಗೂ ಸೇರದೆ ಊರಿನ ಲೆಕ್ಕದಿಂದಲೇ ಅಳಿದುಹೋಯಿತು. ಕಟ್ಟಡದ ಕೆಲಸ ಮುಂದಕ್ಕೆ ಹೋದಾಗ ಗೌಂಡಿಗೆ, ಹೊರೆ ಹೊರುವವರಿಗೆ, ಮರಳು ಸಾಗಿಸುವವರಿಗೆ ತಪ್ಪುವ ದುಡಿಮೆ ಈ ಲೆಕ್ಕಕ್ಕೆ ಸೇರಿಯೇ ಇಲ್ಲ.

ಈ ಕಾರಣದಿಂದಲೇ ದರ ನಿಗದಿ, ಉತ್ಪಾದನೆ ಅಥವಾ ಪೂರೈಕೆಯ ನಿರ್ಬಂಧ, ಮಾರುಕಟ್ಟೆಯ ಹಂಚಿಕೆ ಮತ್ತು ಟೆಂಡರುಗಳಲ್ಲಿ ಒಳಒಪ್ಪಂದ ಎಂಬ ನಾಲ್ಕು ಬಗೆಯ ಕೂಟಗಳನ್ನು ಕಾಯಿದೆಯ 3(3)ನೆಯ ಕಲಮು ಹಾನಿಕರವೆಂದೇ ಭಾವಿಸಿ ಮುಂದುವರಿಯುತ್ತದೆ. ಹಾಗಲ್ಲವೆಂದು ಸಾಧಿಸುವ ಹೊಣೆ ಆಪಾದಿತರ ಮೇಲಿದೆ. ಅದನ್ನು ಪರಿಶೀಲಿಸುವಾಗ ಆಯೋಗವು 19(3)ನೆಯ ಕಲಮಿನಲ್ಲಿ ಹೇಳಿರುವ ಅಂಶಗಳನ್ನು ಗಮನಿಸಬೇಕು. ಹೊಸಬರ ಪ್ರವೇಶಕ್ಕೆ ಅಡ್ಡಿಯಾಯಿತೇ, ಇದ್ದವರನ್ನು ಹೊರದೂಡಲಾಯಿತೇ ಎಂಬುವು ಒಂದು ಕಡೆ. ಗ್ರಾಹಕರಿಗೆ ಪ್ರಯೋಜನವಾಯಿತೇ, ಉತ್ಪಾದನೆ ಅಥವಾ ವಿತರಣೆ ಸುಧಾರಿಸಿತೇ ಎಂಬುವು ಇನ್ನೊಂದು ಕಡೆ. ಗ್ರಾಹಕ ಹಿತವೆಂಬುದು ಹೀಗೆ ತೂಗುವ ತಕ್ಕಡಿಯ ಒಂದು ಬೊಟ್ಟಾಗಿ ಶಾಸನದಲ್ಲಿಯೇ ಸೇರಿದೆ.

ನಮ್ಮ ಲೆಕ್ಕ ಕಾಲ್ಪನಿಕವಾದರೂ ಸಿಮೆಂಟಿನ ವಿಷಯ ಕಾಲ್ಪನಿಕವಲ್ಲ. 2012ರ ಜೂನ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಹನ್ನೊಂದು ಸಿಮೆಂಟ್ ಕಂಪನಿಗಳಿಗೂ ಅವುಗಳ ಉತ್ಪಾದಕರ ಸಂಘಕ್ಕೂ ಒಟ್ಟು 6,000 ಕೋಟಿ ರೂ.ಗಿಂತ ಹೆಚ್ಚಿನ ದಂಡ ವಿಧಿಸಿತು. ಸಹಜ ನ್ಯಾಯದ ಲೋಪದ ಕಾರಣದಿಂದ 2015ರಲ್ಲಿ ಆ ಆದೇಶ ರದ್ದಾಯಿತು. ಮರುವಿಚಾರಣೆ ನಡೆಸಿದ ಆಯೋಗವು 2016ರಲ್ಲಿ ಪುನಃ ದಂಡ ವಿಧಿಸಿತು. 2018ರಲ್ಲಿ ರಾಷ್ಟ್ರೀಯ ಕಂಪನಿ ಕಾನೂನು ಮೇಲ್ಮನವಿ ನ್ಯಾಯಮಂಡಳಿ ಅದನ್ನು ಎತ್ತಿಹಿಡಿದ ಬಳಿಕ ವಿವಾದ ಸುಪ್ರೀಂ ಕೋರ್ಟಿನ ಮುಂದೆ ಹೋಯಿತು. ಕಂಪನಿಗಳು ತಮ್ಮ ಸಂಘದ ಸಭೆಗಳ ಮೂಲಕ ಬೆಲೆ ಹಾಗೂ ಉತ್ಪಾದನೆಯ ಮಾಹಿತಿಯನ್ನು ಹಂಚಿಕೊಳ್ಳುತ್ತಿದ್ದುದು ಈ ಪ್ರಕರಣದ ಮುಖ್ಯ ಆಧಾರಗಳಲ್ಲಿ ಒಂದು.

4. ಕರ್ನಾಟಕದ ಪ್ರಕರಣಗಳು ಕಲಿಸುವ ಪಾಠ

ಕರ್ನಾಟಕದಲ್ಲಿ ಗ್ರಾಹಕ ಹಿತ ಮತ್ತು ಸಂಘದ ಹಿತ ನೇರವಾಗಿ ಎದುರುಬದುರಾದ ಪ್ರಕರಣವೆಂದರೆ ಡಬ್ಬಿಂಗ್ ವಿವಾದ. ಪರಭಾಷೆಯ ಚಿತ್ರಗಳು ಕನ್ನಡಕ್ಕೆ ಡಬ್ ಆಗಿ ಬಂದರೆ ಕನ್ನಡ ಚಿತ್ರೋದ್ಯಮ ನೆಲ ಕಚ್ಚುತ್ತದೆ, ಕಲಾವಿದರೂ ತಂತ್ರಜ್ಞರೂ ಕೆಲಸ ಕಳೆದುಕೊಳ್ಳುತ್ತಾರೆ ಎಂಬ ಆತಂಕದಿಂದ 1960ರ ದಶಕದಲ್ಲಿ ಚಳವಳಿ ನಡೆದು, ಮುಂದಿನ ಹಲವು ದಶಕ ಡಬ್ಬಿಂಗ್ ಬಹುಮಟ್ಟಿಗೆ ನಿಂತೇಹೋಗಿತ್ತು. ಇದಕ್ಕೆ ಯಾವ ಸರ್ಕಾರಿ ಕಾನೂನಿನ ಆಧಾರವೂ ಇರಲಿಲ್ಲ. ಉದ್ಯಮದ ಸಂಘಟಿತ ಒತ್ತಡವೇ ಕಾನೂನಿನಂತೆ ನಡೆಯುತ್ತಿತ್ತು. 2012ರಲ್ಲಿ ಅಮೀರ್ ಖಾನರ ‘ಸತ್ಯಮೇವ ಜಯತೆ’ ಕಾರ್ಯಕ್ರಮವು ಹಲವು ಭಾರತೀಯ ಭಾಷೆಗಳಲ್ಲಿ ಪ್ರಸಾರವಾದರೂ ಕನ್ನಡದಲ್ಲಿ ಬರಲಾಗಲಿಲ್ಲ. ಆಗ ಕನ್ನಡ ಗ್ರಾಹಕರ ಕೂಟವು ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿ ಮತ್ತಿತರರ ವಿರುದ್ಧ ಆಯೋಗಕ್ಕೆ ಮಾಹಿತಿ ಸಲ್ಲಿಸಿತು.

2015ರ ಜುಲೈ 27ರಂದು ಆಯೋಗ ಆದೇಶ ನೀಡಿತು. ಡಬ್ ಆದ ಚಿತ್ರ, ಕಾರ್ಯಕ್ರಮಗಳನ್ನು ತಡೆಯುವುದು ಮಾರುಕಟ್ಟೆಗೆ ಬರಬೇಕಾದ ಪೂರೈಕೆಯನ್ನು ನಿರ್ಬಂಧಿಸಿದಂತೆ ಎಂದು ತೀರ್ಮಾನಿಸಿ, ಚಲನಚಿತ್ರ ವಾಣಿಜ್ಯ ಮಂಡಳಿಗೆ ಸುಮಾರು 16.8 ಲಕ್ಷ ರೂ. ಹಾಗೂ ಕಿರುತೆರೆ ಮತ್ತು ನಿರ್ಮಾಪಕರ ಸಂಘಗಳಿಗೆ ಅದಕ್ಕಿಂತ ಸಣ್ಣ ಮೊತ್ತದ ದಂಡ ವಿಧಿಸಿತು. ಇದೇ ಬಗೆಯ ಪ್ರಶ್ನೆ ಪಶ್ಚಿಮ ಬಂಗಾಳದಿಂದ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಬಂಗಾಳಿಗೆ ಡಬ್ ಆದ ‘ಮಹಾಭಾರತ’ ಧಾರಾವಾಹಿಯನ್ನು ಅಲ್ಲಿನ ಕಲಾವಿದರ ಮತ್ತು ತಂತ್ರಜ್ಞರ ಸಮನ್ವಯ ಸಮಿತಿ ತಡೆಯಲು ಯತ್ನಿಸಿದ್ದು ಸ್ಪರ್ಧಾವಿರೋಧಿ ಕೃತ್ಯವೆಂಬ ಆಯೋಗದ ನಿಲುವನ್ನು ಸುಪ್ರೀಂ ಕೋರ್ಟು 2017ರ ಮಾರ್ಚ್‌ನಲ್ಲಿ ಎತ್ತಿಹಿಡಿಯಿತು.

ಇಲ್ಲಿ ಎರಡೂ ಪಕ್ಷಗಳ ವಾದದಲ್ಲಿ ಹುರುಳಿದೆ ಎಂಬುದನ್ನು ಮರೆಯಲಾಗದು. ಭಾಷೆ, ಸಂಸ್ಕೃತಿ, ದುಡಿಯುವ ಕೈಗಳ ರಕ್ಷಣೆ ಕಡೆಗಣಿಸತಕ್ಕ ವಿಷಯಗಳಲ್ಲ. ಆದರೆ ಆ ರಕ್ಷಣೆಯ ಮಾರ್ಗ ಯಾವುದೆಂಬುದೇ ಪ್ರಶ್ನೆ. ಡಬ್ಬಿಂಗ್ ಒಲ್ಲೆನೆಂದು ಪ್ರಚಾರ ಮಾಡುವುದು, ಸಭೆ ನಡೆಸುವುದು, ಸರ್ಕಾರದಿಂದ ಸಹಾಯಧನ ಕೇಳುವುದು ಸಂಘದ ಹಕ್ಕು. ಚಿತ್ರಮಂದಿರ, ವಾಹಿನಿಗಳ ಮೇಲೆ ಒತ್ತಡ ತಂದು ಪ್ರೇಕ್ಷಕನ ಆಯ್ಕೆಯನ್ನೇ ಇಲ್ಲವಾಗಿಸುವುದು ಹಕ್ಕಲ್ಲ. ಬೇಕು ಬೇಡಗಳ ತೀರ್ಮಾನವನ್ನು ಟಿಕೆಟು ಕೊಳ್ಳುವವನಿಗೆ ಬಿಡಬೇಕೆಂಬುದು ಈ ಆದೇಶದಿಂದ ಹೊರಡುವ ತತ್ತ್ವ. ಕನ್ನಡದಲ್ಲೇ ನೋಡಬಯಸಿದ ಗ್ರಾಹಕನು ಕನ್ನಡದ ಹೆಸರಿನಲ್ಲಿಯೇ ಪರಭಾಷೆಯ ವಾಹಿನಿಗೆ ಹೋಗಬೇಕಾದ ವಿಪರ್ಯಾಸವನ್ನು ಗ್ರಾಹಕರ ಕೂಟ ಎತ್ತಿ ತೋರಿಸಿದ್ದು ಗಮನಾರ್ಹ.

ಎರಡನೆಯದು ಔಷಧ ವ್ಯಾಪಾರದ ಕ್ಷೇತ್ರ. ಹೊಸ ಸಗಟು ವಿತರಕನನ್ನು ನೇಮಿಸುವ ಮುನ್ನ ಕಂಪನಿಯು ಸ್ಥಳೀಯ ಔಷಧ ವ್ಯಾಪಾರಿಗಳ ಸಂಘದಿಂದ ನಿರಾಕ್ಷೇಪಣಾ ಪತ್ರ ತರಬೇಕೆಂಬ ರೂಢಿ ದೇಶದ ಹಲವು ಕಡೆ ಬೆಳೆದಿತ್ತು. 2012ರಿಂದೀಚೆಗೆ ಆಯೋಗವು ಗೋವಾ ಮೊದಲಾದ ಹಲವು ರಾಜ್ಯಗಳ ಸಂಘಗಳ ವಿರುದ್ಧ ಈ ಬಗ್ಗೆ ಆದೇಶ ನೀಡಿದೆ. 2016ರಲ್ಲಿ ಕರ್ನಾಟಕದ ಸಂಘದ ವಿಷಯದಲ್ಲಿಯೂ ಆದೇಶ ಹೊರಬಿತ್ತು. ಬಿಡಿ ಆದೇಶಗಳು ಮೇಲ್ಮನವಿಗೆ ಹೋಗಿದ್ದರೂ ಆಯೋಗದ ನಿಲುವಿನಲ್ಲಿ ಗೊಂದಲವಿಲ್ಲ. ವ್ಯಾಪಾರ ಮಾಡಲು ಪರವಾನಗಿ ಕೊಡುವ ಅಧಿಕಾರ ಔಷಧ ನಿಯಂತ್ರಣ ಇಲಾಖೆಯದ್ದು; ಸಂಘದ್ದಲ್ಲ. ನಿರಾಕ್ಷೇಪಣಾ ಪತ್ರದ ಬಾಗಿಲಲ್ಲಿ ತಡೆಯಲ್ಪಟ್ಟವನೂ ನಮ್ಮಂತಹ ಒಬ್ಬ ಸಣ್ಣ ವ್ಯಾಪಾರಿಯೇ ಎಂಬುದನ್ನು ನೆನಪಿಡಬೇಕು. ಸಂಘದ ಕಟ್ಟುಪಾಡಿನಿಂದ ಒಳಗಿದ್ದವರಿಗೆ ರಕ್ಷಣೆ ದೊರೆಯುವಾಗ ಹೊರಗೆ ನಿಂತ ಯುವ ವ್ಯಾಪಾರಿಗೆ ಬಾಗಿಲು ಮುಚ್ಚುತ್ತದೆ.

5. ಅಗ್ಗದ ಬೆಲೆಯೊಂದೇ ಗ್ರಾಹಕ ಹಿತವೇ?

ಅಮೆರಿಕದಲ್ಲಿ 1890ರ ಶೆರ್ಮನ್ ಕಾಯಿದೆಯ ಕಾಲದಿಂದಲೂ ಈ ಚರ್ಚೆ ನಡೆದಿದೆ. 1936ರಲ್ಲಿ ಅಲ್ಲಿ ರೂಪುಗೊಂಡ ರಾಬಿನ್ಸನ್-ಪ್ಯಾಟ್‌ಮನ್ ಕಾಯಿದೆಯು ದೊಡ್ಡ ಸರಣಿ ಅಂಗಡಿಗಳಿಗೆ ಮಾತ್ರ ಕಂಪನಿಗಳು ಕಡಿಮೆ ದರ ನೀಡುವುದನ್ನು ತಡೆದು ಸಣ್ಣ ಅಂಗಡಿಗಳನ್ನು ಕಾಪಾಡಲು ಯತ್ನಿಸಿತು. 1978ರಲ್ಲಿ ರಾಬರ್ಟ್ ಬೋರ್ಕ್ ತಮ್ಮ ಗ್ರಂಥದಲ್ಲಿ ಇದಕ್ಕೆ ವಿರುದ್ಧವಾಗಿ, ಕಾಯಿದೆಯ ಗುರಿ ಗ್ರಾಹಕ ಹಿತವೊಂದೇ ಆಗಿರಬೇಕು, ಪ್ರತಿಸ್ಪರ್ಧಿಗಳ ರಕ್ಷಣೆಯಲ್ಲ ಎಂದು ಪ್ರತಿಪಾದಿಸಿದರು. ಮುಂದಿನ ದಶಕಗಳಲ್ಲಿ ಅಲ್ಲಿನ ನ್ಯಾಯಾಲಯಗಳು ಬಹುಮಟ್ಟಿಗೆ ಇದೇ ಹಾದಿ ಹಿಡಿದವು. 2017ರಲ್ಲಿ ಲೀನಾ ಖಾನ್ ಅವರು ಅಮೆಜಾನ್ ಕುರಿತ ಪ್ರಬಂಧದಲ್ಲಿ, ಇಂದಿನ ಅಗ್ಗದ ಬೆಲೆಯನ್ನಷ್ಟೇ ನೋಡುವ ಅಳತೆಗೋಲು ನಾಳಿನ ಏಕಸ್ವಾಮ್ಯವನ್ನು ಕಾಣಲಾರದು ಎಂದು ವಾದಿಸಿ ಚರ್ಚೆಗೆ ಹೊಸ ತಿರುವು ನೀಡಿದರು. ದಕ್ಷಿಣ ಆಫ್ರಿಕದ 1998ರ ಸ್ಪರ್ಧಾ ಕಾಯಿದೆಯಾದರೋ ಗ್ರಾಹಕರಿಗೆ ಪೈಪೋಟಿಯ ಬೆಲೆ ದೊರೆಯುವುದರ ಜೊತೆಗೆ ಸಣ್ಣ ಮತ್ತು ಮಧ್ಯಮ ಉದ್ದಿಮೆಗಳಿಗೆ ಸಮಾನ ಅವಕಾಶ ದೊರೆಯುವುದನ್ನೂ ಉದ್ದೇಶಗಳಲ್ಲಿ ಸೇರಿಸಿದೆ.

ನಮ್ಮ ಕಾಯಿದೆ ಈ ಎರಡರ ನಡುವೆ ನಿಂತಿದೆ. ಅದರ 18ನೆಯ ಕಲಮು ಗ್ರಾಹಕರ ಹಿತರಕ್ಷಣೆಯೊಂದಿಗೆ ಮಾರುಕಟ್ಟೆಯ ಇತರ ಭಾಗಿದಾರರ ವ್ಯಾಪಾರ ಸ್ವಾತಂತ್ರ್ಯವನ್ನೂ ಆಯೋಗದ ಕರ್ತವ್ಯವೆಂದು ಹೇಳುತ್ತದೆ. ಸ್ಪರ್ಧಿಗಳನ್ನು ಹೊರದೂಡುವ ಉದ್ದೇಶದಿಂದ ಪ್ರಬಲ ಸಂಸ್ಥೆಯೊಂದು ವೆಚ್ಚಕ್ಕಿಂತ ಕಡಿಮೆ ದರದಲ್ಲಿ ಮಾರುವುದು 4ನೆಯ ಕಲಮಿನಡಿ ನಿಷಿದ್ಧ. ವೆಚ್ಚವನ್ನು ನಿರ್ಧರಿಸುವ ಬಗೆಯ ಕುರಿತು 2009ರ ನಿಯಮಾವಳಿಯ ಸ್ಥಾನದಲ್ಲಿ 2025ರಲ್ಲಿ ಆಯೋಗವು ಹೊಸ ನಿಯಮಾವಳಿ ಹೊರಡಿಸಿದೆ. ಆದರೆ ಇಲ್ಲಿ ಎರಡು ಸಂಗತಿಗಳು ಸಿದ್ಧವಾಗಬೇಕು: ಮಾರುವವನು ಪ್ರಬಲನಾಗಿರಬೇಕು, ದರ ವೆಚ್ಚಕ್ಕಿಂತ ಕಡಿಮೆಯಿರಬೇಕು. ಪಕ್ಕದ ಅಂಗಡಿಯವನು ಹಬ್ಬಕ್ಕೆ ದರ ಇಳಿಸಿದ್ದು ಪೈಪೋಟಿಯೇ ಹೊರತು ಅಪರಾಧವಲ್ಲ.

ಆನ್‌ಲೈನ್ ವ್ಯಾಪಾರದ ಬಗ್ಗೆ ದೆಹಲಿಯ ವರ್ತಕರ ಸಂಘವೊಂದು ಸಲ್ಲಿಸಿದ ಮಾಹಿತಿಯ ಮೇಲೆ 2020ರ ಜನವರಿಯಲ್ಲಿ ಆಯೋಗವು ಅಮೆಜಾನ್ ಮತ್ತು ಫ್ಲಿಪ್‌ಕಾರ್ಟ್ ವಿರುದ್ಧ ತನಿಖೆಗೆ ಆದೇಶಿಸಿತು. ಕೆಲವೇ ಮಾರಾಟಗಾರರಿಗೆ ಆದ್ಯತೆ, ಮೊಬೈಲುಗಳ ವಿಶೇಷ ಬಿಡುಗಡೆ, ಅತಿಯಾದ ರಿಯಾಯಿತಿ ಎಂಬುವು ಮುಖ್ಯ ಆಪಾದನೆಗಳು. ತನಿಖೆಗೆ ತಡೆ ನೀಡಿದ್ದ ಕರ್ನಾಟಕ ಉಚ್ಚ ನ್ಯಾಯಾಲಯವೇ 2021ರ ಜೂನ್‌ನಲ್ಲಿ ಕಂಪನಿಗಳ ಅರ್ಜಿಗಳನ್ನು ವಜಾಗೊಳಿಸಿತು. ವಿಭಾಗೀಯ ಪೀಠವೂ ಸುಪ್ರೀಂ ಕೋರ್ಟೂ ಮಧ್ಯೆ ಪ್ರವೇಶಿಸಲು ಒಪ್ಪದ್ದರಿಂದ ತನಿಖೆಗೆ ದಾರಿಯಾಯಿತು. ಇಲ್ಲಿ ವರ್ತಕರ ಸಂಘ ಕೇಳಿದ್ದು ತನಗೆ ರಕ್ಷಣೆಯನ್ನಲ್ಲ, ಎಲ್ಲ ಮಾರಾಟಗಾರರಿಗೂ ಸಮಾನ ಅವಕಾಶವನ್ನು. ಗ್ರಾಹಕನಿಗೆ ಇಂದು ದೊರೆಯುವ ರಿಯಾಯಿತಿ ನಾಳೆ ಆಯ್ಕೆಯೇ ಇಲ್ಲದಂತೆ ಮಾಡುವುದಾದರೆ ಅದು ಗ್ರಾಹಕ ಹಿತವಲ್ಲವೆಂಬ ವಾದವನ್ನು ಮಂಡಿಸುವ ಸರಿಯಾದ ಕ್ರಮ ಇದು.

ಕಂಪನಿಗಳ ಡೀಲರುಗಳಾಗಿರುವ ಓದುಗರಿಗೆ ಇನ್ನೊಂದು ಉದಾಹರಣೆ ಉಪಯುಕ್ತ. ಡೀಲರು ಗ್ರಾಹಕನಿಗೆ ಕೊಡಬಹುದಾದ ರಿಯಾಯಿತಿಗೆ ಮಿತಿ ಹಾಕಿ, ಮೀರಿದವರಿಗೆ ದಂಡ ಹಾಕುತ್ತಿದ್ದ ನೀತಿಗಾಗಿ ಮಾರುತಿ ಸುಜುಕಿ ಕಂಪನಿಗೆ 2021ರ ಆಗಸ್ಟ್‌ನಲ್ಲಿ ಆಯೋಗವು 200 ಕೋಟಿ ರೂ. ದಂಡ ವಿಧಿಸಿತು, ಕಂಪನಿ ಇದರ ವಿರುದ್ಧ ಮೇಲ್ಮನವಿ ಸಲ್ಲಿಸಿತು. ತನ್ನ ಲಾಭಾಂಶದಲ್ಲಿ ಸ್ವಲ್ಪವನ್ನು ಗಿರಾಕಿಗೆ ಬಿಟ್ಟುಕೊಡುವ ಸ್ವಾತಂತ್ರ್ಯ ಡೀಲರಿನದು ಎಂಬುದು ಆಯೋಗದ ನಿಲುವಿನ ಸಾರ. ಗ್ರಾಹಕ ಹಿತವೂ ಸಣ್ಣ ವ್ಯಾಪಾರಿಯ ಸ್ವಾತಂತ್ರ್ಯವೂ ಇಲ್ಲಿ ಒಂದೇ ದಿಕ್ಕಿನಲ್ಲಿವೆ.

6. ಮಾರುವವನ ಹಿತ: ಕಬ್ಬು ಮತ್ತು ಬೆಲ್ಲ

ಗ್ರಾಹಕ ಹಿತದ ಅಳತೆಗೋಲು ನಮ್ಮ ಭಾಗದಲ್ಲಿ ಸಾಲದೆ ಹೋಗುವ ಒಂದು ಸ್ಥಳವುಂಟು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲೂಕುಗಳ ಆರ್ಥಿಕತೆ ಬಹುಪಾಲು ಕಬ್ಬಿನ ಮೇಲೆ ನಿಂತಿದೆ. ಕಬ್ಬು ಬೆಳೆಗಾರ ಕೊಳ್ಳುವವನಲ್ಲ, ಮಾರುವವನು. ಕಟಾವಾದ ಕಬ್ಬು ಬೇಗನೆ ತೂಕವನ್ನೂ ಸಕ್ಕರೆಯ ಅಂಶವನ್ನೂ ಕಳೆದುಕೊಳ್ಳುವುದರಿಂದ ಅವನು ಬಹುದೂರದ ಕಾರ್ಖಾನೆಗೆ ಹೋಗಲಾರ, ಕಾದು ಕೂರಲಾರ. ಕೊಳ್ಳುವವರ ಸಂಖ್ಯೆ ಕಡಿಮೆಯಾದಷ್ಟೂ ಅವನ ಚೌಕಾಸಿ ಶಕ್ತಿ ಕುಗ್ಗುತ್ತದೆ. ಇದಕ್ಕೆಂದೇ ಕೇಂದ್ರ ಸರ್ಕಾರ ನ್ಯಾಯಸಮ್ಮತ ಮತ್ತು ಲಾಭದಾಯಕ ದರವನ್ನು ನಿಗದಿಪಡಿಸುತ್ತದೆ. 2025-26ರ ಹಂಗಾಮಿಗೆ ಶೇ. 10.25ರ ಇಳುವರಿಗೆ ಇದು ಕ್ವಿಂಟಲಿಗೆ 355 ರೂ. ಇತ್ತು. ಆದರೂ 2025ರ ನವೆಂಬರ್‌ನಲ್ಲಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಬೆಳೆಗಾರರು ಬೀದಿಗಿಳಿದು, ದರದ ಪ್ರಶ್ನೆ ಮುಖ್ಯಮಂತ್ರಿಗಳ ಸಭೆಯವರೆಗೆ ಹೋದುದನ್ನು ನಾವೆಲ್ಲರೂ ಕಂಡಿದ್ದೇವೆ.

ಎರಡು ಸಕ್ಕರೆ ಕಾರ್ಖಾನೆಗಳ ನಡುವೆ ಕನಿಷ್ಠ 15 ಕಿ.ಮೀ. ಅಂತರವಿರಬೇಕೆಂಬ ನಿಯಮವು 2006ರಲ್ಲಿ ಕಬ್ಬು ನಿಯಂತ್ರಣ ಆದೇಶಕ್ಕೆ ಸೇರಿತು. ಕಾರ್ಖಾನೆಗೆ ಸಾಕಷ್ಟು ಕಬ್ಬು ದೊರೆಯಲಿ ಎಂಬುದು ಅದರ ಉದ್ದೇಶ. ಆದರೆ ಅದರಿಂದ ಕೊಳ್ಳುವವರ ನಡುವಿನ ಪೈಪೋಟಿ ಕುಗ್ಗುತ್ತದೆಂದು, ಕಬ್ಬಿನ ಪ್ರದೇಶ ಮೀಸಲಾತಿಯನ್ನೂ ಈ ಅಂತರದ ನಿಯಮವನ್ನೂ ಕ್ರಮೇಣ ಕೈಬಿಡಬೇಕೆಂದು 2012ರಲ್ಲಿ ಸಿ. ರಂಗರಾಜನ್ ಸಮಿತಿ ಶಿಫಾರಸು ಮಾಡಿತು. ಪೈಪೋಟಿಯನ್ನು ಕುಂಠಿತಗೊಳಿಸುವುದು ಖಾಸಗಿ ಕೂಟವಷ್ಟೇ ಅಲ್ಲ, ಸದುದ್ದೇಶದ ಸರ್ಕಾರಿ ನಿಯಮವೂ ಹೌದೆಂಬುದಕ್ಕೆ ಇದು ನಿದರ್ಶನ.

ಬೆಲ್ಲದ ಮಾರುಕಟ್ಟೆಯಲ್ಲಿ ಸ್ಥಿತಿ ಭಿನ್ನ. ಹರಾಜಿನಲ್ಲಿ ಖರೀದಿದಾರರು ಹಲವರಿದ್ದಷ್ಟೂ ಗಾಣದವನಿಗೆ ಒಳ್ಳೆಯ ದರ. ಖರೀದಿದಾರರು ಮೊದಲೇ ಮಾತಾಡಿಕೊಂಡು ದರ ಏರಿಸದಿದ್ದರೆ ಅದು ಖರೀದಿಯ ಕೂಟ. 3(3)ನೆಯ ಕಲಮಿನಲ್ಲಿ ಮಾರಾಟ ದರದಷ್ಟೇ ಸ್ಪಷ್ಟವಾಗಿ ಖರೀದಿ ದರದ ಉಲ್ಲೇಖವೂ ಇದೆಯೆಂಬುದನ್ನು ಅಡತಿ ಹಾಗೂ ಖರೀದಿದಾರ ಬಂಧುಗಳು ಗಮನಿಸಬೇಕು. ಕರ್ನಾಟಕವು 2014ರಿಂದ ಎಪಿಎಂಸಿಗಳಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆಯ ಮೂಲಕ ಇ-ಟೆಂಡರ್ ಪದ್ಧತಿಯನ್ನು ವಿಸ್ತರಿಸಿತು. ಒಬ್ಬರ ದರ ಇನ್ನೊಬ್ಬರಿಗೆ ಕಾಣದಿರುವುದರಿಂದಲೂ ಬೇರೆ ಊರಿನ ವರ್ತಕರು ಭಾಗವಹಿಸಬಹುದಾದ್ದರಿಂದಲೂ ಇದು ಪೈಪೋಟಿಗೆ ಪೂರಕವಾದ ಸುಧಾರಣೆಯೇ ಸರಿ.

7. 2023ರ ತಿದ್ದುಪಡಿ ತಂದ ಬದಲಾವಣೆಗಳು

2023ರ ಏಪ್ರಿಲ್‌ನಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದ ತಿದ್ದುಪಡಿ ಕಾಯಿದೆಯ ಈ ಅಂಶಗಳು ನಮಗೆ ಮುಖ್ಯ.

(ಅ) ಕೂಟದ ಸದಸ್ಯರು ಒಂದೇ ವ್ಯಾಪಾರದಲ್ಲಿರಬೇಕೆಂದಿಲ್ಲ. ಅದನ್ನು ಮುನ್ನಡೆಸಲು ಭಾಗವಹಿಸಿದ ಮಧ್ಯವರ್ತಿ ಅಥವಾ ವೇದಿಕೆಯೂ ಹೊಣೆಯಾಗಬಹುದು.

(ಆ) ದಂಡವನ್ನು ಲೆಕ್ಕ ಹಾಕುವ ವಹಿವಾಟು. ಗೋದಾಮಿನ ಧಾನ್ಯ ರಕ್ಷಣೆಗೆ ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಗಳ ಟೆಂಡರಿನಲ್ಲಿ ಏಕರೂಪದ ದರ ಹಾಕಿದ ಪ್ರಕರಣದಲ್ಲಿ, ಆ ಸರಕಿನ ವಹಿವಾಟಿನ ಮೇಲಷ್ಟೇ ದಂಡ ಹಾಕಬೇಕೆಂದು 2017ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತ್ತು. ತಿದ್ದುಪಡಿಯ ನಂತರ ದಂಡದ ಗರಿಷ್ಠ ಮಿತಿಗೆ ಸಂಸ್ಥೆಯ ಎಲ್ಲ ಸರಕು ಸೇವೆಗಳ ಜಾಗತಿಕ ವಹಿವಾಟು ಆಧಾರವಾಗಿದೆ. 2024ರ ಮಾರ್ಗಸೂಚಿಯಂತೆ ಸಂಬಂಧಪಟ್ಟ ಸರಕಿನ ಸರಾಸರಿ ವಹಿವಾಟಿನ ಶೇ. 30ರವರೆಗೆ ಲೆಕ್ಕ ಹಾಕಿ, ಶಾಸನದ ಮಿತಿಯೊಳಗೆ ದಂಡ ನಿರ್ಧರಿಸಲಾಗುತ್ತದೆ.

(ಇ) ಪ್ರಾಬಲ್ಯದ ದುರುಪಯೋಗ ಮತ್ತು ಕಂಪನಿ-ಡೀಲರ್ ಒಪ್ಪಂದಗಳ ಪ್ರಕರಣಗಳಲ್ಲಿ ರಾಜಿ ಹಾಗೂ ಬದ್ಧತೆಯ ಮೂಲಕ ಬೇಗ ಇತ್ಯರ್ಥಪಡಿಸಲು ಅವಕಾಶ. ಕೂಟಗಳಿಗೆ ಈ ಸೌಲಭ್ಯವಿಲ್ಲ.

(ಈ) ಘಟನೆ ನಡೆದ ಮೂರು ವರ್ಷಗಳೊಳಗೆ ಆಯೋಗಕ್ಕೆ ಮಾಹಿತಿ ಸಲ್ಲಿಸಬೇಕು. ವಿಳಂಬಕ್ಕೆ ಸೂಕ್ತ ಕಾರಣವಿದ್ದರೆ ಮನ್ನಿಸಬಹುದು.

8. ಸಂಘಗಳು ಪಾಲಿಸಬೇಕಾದ ಎಚ್ಚರಿಕೆಗಳು

ಸಂಘವಾಗಿ ಕೂಡುವುದನ್ನು ಕಾಯಿದೆ ತಡೆಯುವುದಿಲ್ಲ. ತೆರಿಗೆ, ವಿದ್ಯುತ್ ದರ, ರಸ್ತೆ, ರೈಲು ಸಂಪರ್ಕಗಳ ಕುರಿತು ಸರ್ಕಾರಕ್ಕೆ ಮನವಿ ಸಲ್ಲಿಸುವುದು, ಗುಣಮಟ್ಟದ ತರಬೇತಿ ನೀಡುವುದು, ವ್ಯಾಜ್ಯ ಬಗೆಹರಿಸುವುದು ಸಂಪೂರ್ಣ ನ್ಯಾಯಸಮ್ಮತ. ನೇಕಾರರು ಕೂಡಿ ಬಣ್ಣದ ಘಟಕ ಸ್ಥಾಪಿಸುವಂತಹ, ದಕ್ಷತೆಯನ್ನು ಹೆಚ್ಚಿಸುವ ಜಂಟಿ ಉದ್ಯಮಗಳಿಗೆ 3(3)ನೆಯ ಕಲಮಿನಲ್ಲಿಯೇ ವಿನಾಯಿತಿಯಿದೆ. ಆದರೆ ಕೆಳಗಿನವುಗಳಿಂದ ದೂರವಿರುವುದು ಕ್ಷೇಮ:

1. ಸರಕಿನ ಕನಿಷ್ಠ ದರ, ಲಾಭಾಂಶ, ದಲಾಲಿ, ಬಾಡಿಗೆ ದರಗಳನ್ನು ಸಭೆಯಲ್ಲಿ ನಿರ್ಧರಿಸುವುದು. ದರಪಟ್ಟಿ ಮುದ್ರಿಸಿ ಹಂಚುವುದು.

2. ಇಂತಹ ಓಣಿ, ಇಂತಹ ಊರು ಇಂತಹವರಿಗೆ ಎಂದು ಗಿರಾಕಿಗಳನ್ನು ಹಂಚಿಕೊಳ್ಳುವುದು.

3. ಪಂಚಾಯತಿ, ಪುರಸಭೆಗಳ ಟೆಂಡರುಗಳಲ್ಲಿ ಸರದಿಯಂತೆ ಒಬ್ಬರಿಗೊಬ್ಬರು ಬಿಟ್ಟುಕೊಡುವುದು.

4. ಸಂಘದ ಸದಸ್ಯರಲ್ಲದವರೊಡನೆ ವ್ಯವಹರಿಸಬಾರದೆಂದು ಸಗಟು ವ್ಯಾಪಾರಿ ಅಥವಾ ಕಂಪನಿಯ ಮೇಲೆ ಒತ್ತಡ ಹೇರುವುದು. ನಿರಾಕ್ಷೇಪಣಾ ಪತ್ರ ಕಡ್ಡಾಯಗೊಳಿಸುವುದು.

5. ಇಂತಹ ನಿರ್ಧಾರಗಳನ್ನು ಮೊಬೈಲ್ ಗುಂಪುಗಳಲ್ಲಿ ಹರಿಯಬಿಡುವುದು. ಬಾಯಿಮಾತಿನ ಒಪ್ಪಂದವೂ ಕಾಯಿದೆಯ ದೃಷ್ಟಿಯಲ್ಲಿ ಒಪ್ಪಂದವೇ.

ತಪ್ಪು ಸಿದ್ಧವಾದಲ್ಲಿ ಸಂಘದ ಜೊತೆಗೆ ಹೊಣೆ ಹೊತ್ತ ಪದಾಧಿಕಾರಿಗಳನ್ನೂ 48ನೆಯ ಕಲಮಿನಡಿ ಗುರಿಪಡಿಸಬಹುದು. ಕೂಟದಲ್ಲಿ ಸಿಕ್ಕಿಕೊಂಡವರು ಮುಂದಾಗಿ ನಿಜವನ್ನು ತಿಳಿಸಿದರೆ 46ನೆಯ ಕಲಮಿನಡಿ ದಂಡ ಕಡಿಮೆಯಾಗುವ ಅವಕಾಶವೂ ಇದೆ.

9. ಸುಧಾರಣೆಯ ಸಂದರ್ಭದಲ್ಲಿ ನಮ್ಮ ನಿಲುವು

ಡಿಜಿಟಲ್ ಮಾರುಕಟ್ಟೆಗೆ ಪ್ರತ್ಯೇಕ ಕಾಯಿದೆಯ ಕರಡು 2024ರ ಮಾರ್ಚ್‌ನಲ್ಲಿ ಪ್ರಕಟವಾದಂದಿನಿಂದ ಸ್ಪರ್ಧಾ ನೀತಿಯ ಚರ್ಚೆ ಮತ್ತೆ ಚುರುಕಾಗಿದೆ. ಇಂತಹ ಸಂದರ್ಭದಲ್ಲಿ ವಾಣಿಜ್ಯ ಮಂಡಳಿಗಳು ‘ಸಣ್ಣವರನ್ನು ಕಾಪಾಡಿ’ ಎಂಬ ಒಂದೇ ಮಾತನ್ನು ಒತ್ತಿ ಹೇಳಿದರೆ ಅದಕ್ಕೆ ಬೆಲೆ ಬರಲಾರದು. ಗ್ರಾಹಕನಿಗೆ ಇದರಿಂದ ಏನು ಒಳಿತು ಎಂಬ ಪ್ರಶ್ನೆಗೆ ಉತ್ತರ ಕೊಡಬಲ್ಲ ಬೇಡಿಕೆಗಳಿಗಷ್ಟೇ ಮನ್ನಣೆ ದೊರೆಯುತ್ತದೆ. ಆ ದೃಷ್ಟಿಯಿಂದ ಕೆಳಗಿನ ಅಂಶಗಳು ಪರಿಶೀಲನಾರ್ಹ.

ಮೊದಲನೆಯದಾಗಿ, ಗ್ರಾಹಕ ಹಿತವೇ ಮೂಲಮಾನವಾಗಿರಲಿ. ಆದರೆ ಅದನ್ನು ಇಂದಿನ ಬೆಲೆಯಿಂದಷ್ಟೇ ಅಳೆಯದೆ ಗುಣಮಟ್ಟ, ಆಯ್ಕೆ, ಹತ್ತಿರದಲ್ಲಿ ದೊರೆಯುವ ಅನುಕೂಲ, ಮುಂದಿನ ವರ್ಷಗಳ ಬೆಲೆ ಇವೆಲ್ಲವುಗಳಿಂದ ಅಳೆಯಬೇಕು. ಹಳ್ಳಿಯ ಮುದುಕಿಗೆ ಉದ್ದರಿ ಕೊಟ್ಟು, ಅರ್ಧ ಕಿಲೋ ಬೇಳೆ ಕಟ್ಟಿಕೊಡುವ ಅಂಗಡಿಯ ಸೇವೆಯೂ ಗ್ರಾಹಕ ಹಿತದ ಲೆಕ್ಕಕ್ಕೆ ಸೇರಬೇಕು.

ಎರಡನೆಯದಾಗಿ, ಖರೀದಿಯ ಬದಿಯ ಪ್ರಾಬಲ್ಯಕ್ಕೆ ಸಮಾನ ಗಮನ ದೊರೆಯಬೇಕು. ಕಬ್ಬು ಬೆಳೆಗಾರನಾಗಲಿ, ದೊಡ್ಡ ಕಂಪನಿಗೆ ಬಿಡಿಭಾಗ ಪೂರೈಸುವ ಸಣ್ಣ ಕಾರ್ಖಾನೆಯಾಗಲಿ ಕೊನೆಯ ಗ್ರಾಹಕನಲ್ಲವೆಂಬ ಕಾರಣಕ್ಕೆ ಲೆಕ್ಕದಿಂದ ಹೊರಗುಳಿಯಬಾರದು. ರೈತನ ಕೈಯಲ್ಲಿ ಹಣ ಆಡದಿದ್ದರೆ ನಮ್ಮ ಪೇಟೆಗಳಲ್ಲಿ ವ್ಯಾಪಾರವೂ ಆಡದು.

ಮೂರನೆಯದಾಗಿ, ನಿರ್ಣಯಗಳು ಶೀಘ್ರವಾಗಬೇಕು. ಸಿಮೆಂಟ್ ಪ್ರಕರಣದ ಮೊದಲ ಆದೇಶದಿಂದ ಮೇಲ್ಮನವಿ ನ್ಯಾಯಮಂಡಳಿಯ ತೀರ್ಪಿಗೇ ಆರು ವರ್ಷ ಹಿಡಿಯಿತು. ದೊಡ್ಡ ಕಂಪನಿ ಕಾಯಬಲ್ಲದು. ಸಣ್ಣ ಅಂಗಡಿ ಅಷ್ಟರಲ್ಲಿ ಬಾಗಿಲು ಹಾಕಿರುತ್ತದೆ. ಆಯೋಗವು 2021ರಲ್ಲಿ ಚೆನ್ನೈನಲ್ಲಿ ಪ್ರಾದೇಶಿಕ ಕಚೇರಿ ತೆರೆದದ್ದು ಸ್ವಾಗತಾರ್ಹ. ಮಾಹಿತಿ ಸಲ್ಲಿಕೆ ಮತ್ತು ಮಾರ್ಗದರ್ಶನ ಕನ್ನಡದಲ್ಲಿ ದೊರೆಯುವುದು ಮುಂದಿನ ಹೆಜ್ಜೆಯಾಗಬೇಕು.

ನಾಲ್ಕನೆಯದಾಗಿ, ದಂಡದ ಹಣ ಸರ್ಕಾರದ ಬೊಕ್ಕಸಕ್ಕೆ ಹೋಗುತ್ತದೆ. ಹೆಚ್ಚಿನ ಬೆಲೆ ತೆತ್ತವನಿಗೆ ಮರಳುವುದಿಲ್ಲ. ನಷ್ಟ ಪರಿಹಾರಕ್ಕೆ 53ಎನ್ ಕಲಮಿನಲ್ಲಿ ಅವಕಾಶವಿದ್ದರೂ ಅದು ಸಾಮಾನ್ಯನಿಗೆ ನಿಲುಕುವಷ್ಟು ಸರಳವಾಗಬೇಕು.

ಐದನೆಯದಾಗಿ, ಹೊಸ ನಿಯಮ ಮಾಡುವ ಮುನ್ನ ಅದರಿಂದ ಪೈಪೋಟಿಯ ಮೇಲಾಗುವ ಪರಿಣಾಮವನ್ನು ಸರ್ಕಾರದ ಇಲಾಖೆಗಳು ಪರಿಶೀಲಿಸುವ ಪದ್ಧತಿ ಬರಬೇಕು. ಸಕ್ಕರೆ ಕಾರ್ಖಾನೆಗಳ ಅಂತರದ ನಿಯಮದಂತಹವುಗಳನ್ನು ಕಾಲಕಾಲಕ್ಕೆ ಮರುಪರಿಶೀಲಿಸಬೇಕು.

ಉಪಸಂಹಾರ

ಪೈಪೋಟಿಯು ಕೆಲವೊಮ್ಮೆ ಕಹಿಯಾಗಿ ಕಂಡರೂ ಅದಿಲ್ಲದ ಮಾರುಕಟ್ಟೆಯಲ್ಲಿ ಮೊದಲು ಸೋಲುವವರು ಸಣ್ಣವರೇ. ಖರೀದಿಸುವಾಗ ಕೂಟದ ದರ ತೆರುವವರೂ, ಹೊಸದಾಗಿ ಅಂಗಡಿ ತೆರೆಯಲು ಹೊರಟು ತಡೆಯಲ್ಪಡುವವರೂ ನಮ್ಮಲ್ಲಿನ ಸಣ್ಣವರೇ. ನೂಲಿನ ಕಂಪನಿಗಳು ದರಕೂಟ ಕಟ್ಟಿದರೆ ತಪ್ಪೆಂದು ಹೇಳುವ ನೈತಿಕ ಹಕ್ಕು ನಮಗೆ ಬರಬೇಕಾದರೆ ನಮ್ಮ ಸಭೆಗಳ ಠರಾವು ಪುಸ್ತಕವೂ ಅದೇ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಪ್ರತಿಯೊಂದು ಸಂಘದ ಕಾರ್ಯಕಾರಿ ಸಮಿತಿಯು ತನ್ನ ಉಪನಿಯಮಗಳನ್ನೂ ಹಿಂದಿನ ಠರಾವುಗಳನ್ನೂ ಮೇಲೆ ಹೇಳಿದ ಐದು ಎಚ್ಚರಿಕೆಗಳ ಬೆಳಕಿನಲ್ಲಿ ಒಮ್ಮೆ ಪರಿಶೀಲಿಸಿ, ದರ ಅಥವಾ ಪ್ರವೇಶಕ್ಕೆ ಸಂಬಂಧಿಸಿದ ಕಟ್ಟುಪಾಡುಗಳಿದ್ದಲ್ಲಿ ಮುಂದಿನ ಸರ್ವಸಾಧಾರಣ ಸಭೆಯಲ್ಲಿ ಅವುಗಳನ್ನು ವಿಧಿವತ್ತಾಗಿ ರದ್ದುಪಡಿಸುವುದು ಸೂಕ್ತ.